ಗೇಣಿಗಿಂತ ದೊಡ್ಡ ಮೀನು

ನಮ್ಮತ್ತೆ ಐರ್ಲೆಂಡಿನ ಒಂದು ಕೆರೆಗೆ ಅರಿಶಿನ ಕುಂಕುಮ ಹಾಕುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಪ್ಯಾಟ್ ಮೆಲ್ಲಗೆ ತಲೆಯ ಟೋಪಿ ತೆಗೆದರು. ತಲೆ ತಗ್ಗಿಸಿದರು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ಅತ್ತೆ ನೀರಿನ ಮೇಲೆ ಒಂದು ವೀಳ್ಯದೆಲೆ ತೇಲಿಬಿಟ್ಟರು. ಎಲೆಯ ಮೇಲೆ ನಮ್ಮ ಅಂಗಳದ ಡ್ಯಾಫೊಡಿಲ್ ಹೂವು. ಕರ್ಪೂರ ಹಚ್ಚಲು ನೋಡಿದರು, ಗಾಳಿ ಬಿಡಲಿಲ್ಲ. ಕಣ್ಣುಮುಚ್ಚಿ ಕೈಮುಗಿದರು. ಆಗ ಪ್ಯಾಟ್ ನನ್ನ ಹತ್ತಿರ ಬಂದು, ಕೈ ಹಿಡಿದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು: "ಸಾರಿ ಫಾರ್ ಯುವರ್ ಟ್ರಬಲ್."

ಇಲ್ಲಿ ಅದು ಸಾವಿನ ಮನೆಯಲ್ಲಿ ಹೇಳುವ ಮಾತು. ಪುಣ್ಯಾತ್ಮರು, ನಾವು ಯಾರದೋ ಅಸ್ಥಿ ಬಿಡಲು ಬಂದಿದ್ದೇವೆ ಅಂದುಕೊಂಡಿದ್ದರು!

"ಅಯ್ಯೋ, ಯಾರೂ ಸತ್ತಿಲ್ಲ. ಗಾಳ ಹಾಕುವ ಮುಂಚೆ ನೀರಿನ ಪರ್ಮಿಶನ್ ಕೇಳ್ತಿದ್ದಾರೆ ಅಷ್ಟೇ" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಪ್ಯಾಟ್ ಟೋಪಿಯನ್ನು ಮತ್ತೆ ತಲೆಗೇರಿಸಿ "ಗ್ರ್ಯಾಂಡ್" ಎಂದರು. (ಇಲ್ಲಿ ಎಲ್ಲವೂ ಗ್ರ್ಯಾಂಡ್. ಟೀ ಗ್ರ್ಯಾಂಡ್, ಮಳೆ ಗ್ರ್ಯಾಂಡ್, ಕಾಲು ಮುರಿದುಕೊಂಡವರೂ ಗ್ರ್ಯಾಂಡ್.)

"ಏನಂತವ್ವಾ ಅವ್ರದು?" ಎಂದರು ಅತ್ತೆ.

"ನಿಮ್ಮ ಪೂಜೆ ಚೆನ್ನಾಗಿತ್ತಂತೆ ಅತ್ತೆ."

"ಹೂಂ, ಹೊಸ ನೀರು ಕಣವ್ವ. ಗಂಗಮ್ಮನ್ನ ಕೇಳ್ದೆ ಕೈ ಹಾಕ್ಬುಟ್ರೆ ಕೊಟ್ಟಾಳಾ?"

ಇದು ನಡೆದದ್ದು ಮಾರ್ಚ್ ತಿಂಗಳ ಮೊದಲ ಶನಿವಾರ. ಇಲ್ಲಿನವರ ಪ್ರಕಾರ ಫೆಬ್ರವರಿಗೇ ವಸಂತ ಬಂದುಬಿಡುತ್ತದೆ. ಬಂದಿರಬಹುದು. ನಾನಂತೂ ಎರಡು ಸ್ವೆಟರ್ ಹಾಕಿಕೊಂಡು ಅದರ ಸ್ವಾಗತಕ್ಕೆ ನಿಂತಿದ್ದೆ.

ಈ ಅಂಕಣ ಓದುವವರಿಗೆ ನನ್ನ ಸಂಸಾರ ಗೊತ್ತು. ಹೊಸಬರಿಗೆ ಒಂದು ಮಾತು: ನಾವಿರುವುದು ಕಾರ್ಕ್‌ನಲ್ಲಿ. ನಾನು ಔಷಧಿ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಂಡ ರಘು ಕಂಪ್ಯೂಟರ್ ಮುಂದೆ ಕೂತು ಅದೇನೋ ಮಾಡುತ್ತಾನೆ. ಮಗಳು ಅನಘಾಗೆ ಒಂಬತ್ತು ವರ್ಷ. ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅದೂ ಕಾರ್ಕ್‌ನ ರಾಗದಲ್ಲಿ. ಪ್ಯಾಟ್ ನಮ್ಮ ಪಕ್ಕದ ಮನೆಯವರು. ಬಸ್ ಓಡಿಸಿ ರಿಟೈರ್ ಆದವರು. ಈಗ ವಾರಕ್ಕೆರಡು ದಿನ ಕೆರೆ ಕಡೆ ಹೋಗಿ ಗಾಳ ಹಾಕಿಕೊಂಡು ಕೂರುತ್ತಾರೆ.

ಇನ್ನು ಅತ್ತೆ. ರಘುವಿನ ತಾಯಿ ಜಯಮ್ಮ. ಮಂಡ್ಯದಲ್ಲಿ ದೊಡ್ಡ ಮಗನ ಮನೆಯಲ್ಲಿರುತ್ತಾರೆ. ಸಂಕ್ರಾಂತಿಯ ಎಳ್ಳು ಬೀರಿ, ಮಾರನೇ ದಿನ ವಿಮಾನ ಹತ್ತಿ, ಮೂರು ತಿಂಗಳ ವೀಸಾದ ಮೇಲೆ ನಮ್ಮಲ್ಲಿಗೆ ಬಂದರು. ಒಂದು ಸೂಟ್‌ಕೇಸ್ ತುಂಬಾ ರಾಗಿ ಹಿಟ್ಟು, ಇನ್ನೊಂದರ ತುಂಬಾ ಸಾರಿನ ಪುಡಿ. ಬಟ್ಟೆ ಎಲ್ಲಿ ಅತ್ತೆ ಅಂದರೆ "ಬಟ್ಟೆ ಇಲ್ಲಿ ಸಿಕ್ಕಾಕಿಲ್ವಾ?" ಅಂದರು.

ಅವರು ಬಂದ ಮೇಲೆ ನಮ್ಮ ಮನೆ ಮನೆಯಾಯಿತು. ಹೌದು, ಸೊಸೆಯೊಬ್ಬಳು ಅತ್ತೆಯ ಬಗ್ಗೆ ಬರೆಯುತ್ತಿದ್ದಾಳೆ. ಬೇಕಿದ್ದರೆ ಕತ್ತರಿಸಿ ಫ್ರೇಮು ಹಾಕಿಸಿಕೊಳ್ಳಿ. ಸಂಜೆ ಕತ್ತಲಲ್ಲಿ ಕೆಲಸ ಮುಗಿಸಿ ಬಂದರೆ ಕಿಟಕಿಯಲ್ಲಿ ದೀಪ. ಬಾಗಿಲು ತೆಗೆದರೆ ಒಗ್ಗರಣೆ ವಾಸನೆ. "ಬಂದ್ಯಾ ಮಗ? ಕಾಲು ಬೆಚ್ಗೆ ಮಾಡ್ಕೊ" ಎಂದು ಕೇಳುವ ಒಂದು ದನಿ. ನನಗೆ ಅಮ್ಮ ಇಲ್ಲ. ನಾನು ಪಿಯುಸಿಯಲ್ಲಿದ್ದಾಗಲೇ ಹೋದಳು. ಅಷ್ಟು ವರ್ಷಗಳ ಮೇಲೆ ಒಬ್ಬರು ನನ್ನ ದಾರಿ ಕಾಯುತ್ತಿದ್ದಾರೆ ಅಂದರೆ ಸುಮ್ಮನೆ ಮಾತಾ?

ಆದರೆ ಅತ್ತೆಯ ಬಾಯಲ್ಲಿ ದಿನವೂ ಒಂದೇ ಪಲ್ಲವಿ. "ಸಾಕಪ್ಪ ಈ ಚಳಿ. ಊರು ಸೇರಿಸ್ಬುಡ್ರೋ." ಬೆಳಗ್ಗೆ ಕಾಫಿ ಕುಡಿಯುತ್ತಾ ಒಂದು ಸಲ. ಸಂಜೆ ಕಿಟಕಿಯಾಚೆ ನೋಡುತ್ತಾ ಒಂದು ಸಲ. ಯಾರಾದರೂ ಕನ್ನಡದವರು ಮನೆಗೆ ಬಂದರಂತೂ ಜೋರಾಗಿ. "ಇಲ್ಲೇ ಇದ್ಬಿಡಿ ಆಂಟಿ" ಎಂದು ಅವರು ಅಂದರೆ "ಅಯ್ಯಪ್ಪಾ! ನಂಗೆ ಊರೇ ಸರಿ ಕಣವ್ವ" ಎಂದು ಕೈ ಆಡಿಸುವುದು.

ರಘು ಒಳ್ಳೆಯ ಮಗ. ಒಳ್ಳೆಯ ಮಕ್ಕಳಲ್ಲಿ ಒಂದು ಕಷ್ಟವಿದೆ. ಅಮ್ಮ ಏನು ಹೇಳಿದರೂ ಅದನ್ನು ಹಾಗೇ ನಂಬುತ್ತಾರೆ.

ಐರ್ಲೆಂಡಿನ ಕನ್ನಡಿಗರ ವಾಟ್ಸಾಪ್ ಗ್ರೂಪು ಒಂದಿದೆ. ಅದರಲ್ಲಿ ಬಾಡಿಗೆ ಮನೆಯಿಂದ ಹಿಡಿದು ಕರಿಬೇವಿನ ಗಿಡದವರೆಗೆ ಎಲ್ಲ ಸಿಗುತ್ತದೆ. ಆದರೆ ಅದರ ನಿಜವಾದ ಕೆಲಸ ಊರಿಗೆ ಹೋಗುವ ಹಿರಿಯರಿಗೆ ಜೊತೆ ಹುಡುಕುವುದು. ಇಂಗ್ಲಿಷ್ ಬಾರದ ಅಮ್ಮಂದಿರು ನಡುವೆ ವಿಮಾನ ಬದಲಿಸಬೇಕಲ್ಲ, ಗೇಟು ಹುಡುಕಬೇಕಲ್ಲ. "ಬೆಂಗಳೂರಿಗೆ ಯಾರಾದರೂ ಹೋಗುತ್ತಿದ್ದೀರಾ? ನಮ್ಮ ತಾಯಿಗೆ ಜೊತೆ ಬೇಕು." ರಘುವೂ ಹಾಕಿದ. ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿರುವ ಮೈಸೂರಿನ ಒಂದು ಸಂಸಾರ ಯುಗಾದಿಗೆ ಮುಂಚೆ ಹೊರಟಿತ್ತು. ರಘು ಅಮ್ಮನ ಟಿಕೆಟ್ಟನ್ನು ಏಪ್ರಿಲಿನಿಂದ ಮಾರ್ಚಿಗೆ ಹಿಂದಕ್ಕೆ ಎಳೆಸಿಬಿಟ್ಟ. ನನಗೆ ಹೇಳಿದ್ದ. ನಾನೂ ಹೂಂ ಎಂದಿದ್ದೆ. ಇಷ್ಟವಿರಲಿಲ್ಲ. ಆದರೆ ಊರು ಊರು ಅಂತ ಹಂಬಲಿಸುವವರನ್ನು ನನ್ನ ಬೆಚ್ಚನೆಯ ಕಾಲಿಗಾಗಿ ಇಟ್ಟುಕೊಳ್ಳುವುದು ಯಾವ ಧರ್ಮ?

ಊಟದ ಹೊತ್ತಿನಲ್ಲಿ ಸರ್‌ಪ್ರೈಸ್ ಕೊಟ್ಟ. "ಅಮ್ಮಾ, ಯುಗಾದಿಗೆ ನೀನು ಊರಲ್ಲಿರ್ತೀಯ! ಹೊಸತೊಡಕಿಗೆ ಅಣ್ಣನ ಮನೇಲಿ ಬಾಡೂಟ!"

ಅತ್ತೆಯ ಕೈ ಮುದ್ದೆಯ ಮೇಲೆ ಹಾಗೇ ನಿಂತಿತು. "ಓ... ಹಂಗಾ? ಸರಿ ಬುಡು. ಒಳ್ಳೇದೇ ಆಯ್ತು" ಎಂದರು. ಊಟ ಮುಗಿಸಿ ಎದ್ದು ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಇನ್ನೊಂದು ಸಲ ತೊಳೆದರು. ಖುಷಿಗೆ ಇರಬೇಕು ಅಂದುಕೊಂಡೆ. ಎಷ್ಟು ಓದಿದ್ದೇನೆ ನೋಡಿ ನಾನು!

ಆಮೇಲೆ ಅತ್ತೆ ಕೇಳಿದ್ದು ಒಂದೇ. "ಹೋಗೋದ್ರೊಳಗೆ ನಿಂಗೆ ಒಂದಪ ಕೆರೆ ಮೀನಿನ ಸಾರು ಮಾಡಿಕ್ಬೇಕು ಕಣವ್ವ."

ಮೀನು ನಮ್ಮ ಸೂಪರ್‌ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿದೆ. ಒಮ್ಮೆ ತಂದಿದ್ದೆ ಕೂಡ. ಪ್ಲಾಸ್ಟಿಕ್ಕಿನೊಳಗೆ ಬೆಳ್ಳಗೆ, ಚೌಕಾಕಾರವಾಗಿ, ತಲೆ ಬಾಲ ಮುಳ್ಳು ಏನೂ ಇಲ್ಲದೆ ಮಲಗಿತ್ತು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಇದು ಮೀನಾ, ಸೋಪಾ?" ಎಂದು ಕೇಳಿದ್ದರು. ಅವರು ಹುಡುಗಿಯಾಗಿದ್ದಾಗ ನಾಲೆ ಬದಿಯಲ್ಲಿ, ಕೆರೆ ಕೋಡಿಯಲ್ಲಿ ತಮ್ಮಂದಿರ ಜೊತೆ ಗಾಳ ಹಾಕಿ ಬೆಳೆದವರು. ನಾನೋ ಬೆಂಗಳೂರಿನವಳು. ಮೀನು ಎಂದರೆ ಹೋಟೆಲಿನ ಫ್ರೈ ಎಂದು ತಿಳಿದು ದೊಡ್ಡವಳಾದವಳು. "ಕೆರೆ ಮೀನಿನ ಸಾರು ಉಣ್ದೆ ಇರೋಳು ನಮ್ಮನೆ ಸೊಸೆ ಎಂಗಾಯ್ತೀಯ?" ಎಂದು ಅತ್ತೆ ರೇಗಿಸುತ್ತಿದ್ದರು.

ಪ್ಯಾಟ್‌ಗೆ ಹೇಳಿದೆ. "ಪರ್ಚ್ ಸಿಗುತ್ತದೆ, ಬನ್ನಿ" ಎಂದರು. ಪರ್ಚ್ ಎಂದರೆ ಮೈಮೇಲೆ ಹುಲಿಯ ಹಾಗೆ ಪಟ್ಟೆ, ಕೆಂಪು ರೆಕ್ಕೆ ಇರುವ ಕೆರೆ ಮೀನು. ಹಾಗೆ ನಾನು, ಅತ್ತೆ, ಪ್ಯಾಟ್ ಮೂವರೂ ಹೊರಟೆವು. ಅಪ್ಪ ಮಗಳು ಸ್ವಿಮಿಂಗ್ ಕ್ಲಾಸಿಗೆ ಹೋದರು.

ಪೂಜೆಯ ಕಥೆ ಆಗಲೇ ಹೇಳಿದೆ. ಆಮೇಲಿನದು ಕೇಳಿ.

ಪ್ಯಾಟ್ ಡಬ್ಬಿಯಿಂದ ಎರೆಹುಳ ತೆಗೆದು, "ನಾನು ಚುಚ್ಚಿಕೊಡಲಾ?" ಎಂದು ಸನ್ನೆ ಮಾಡಿದರು. ಅತ್ತೆ ಡಬ್ಬಿಯನ್ನೇ ಇಸಿದುಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಸೀರೆಯ ಮೇಲೆ ರಘುವಿನ ಜಾಕೆಟ್, ತಲೆಗೆ ಅನಘಾಳ ಉಣ್ಣೆಯ ಟೋಪಿ, ಕಾಲಿಗೆ ನನ್ನ ಬೂಟು. ನೀರಿನ ಮೇಲೆ ಗಾಳದ ಕೆಂಪು ಬೆಂಡು ತೇಲುತ್ತಿತ್ತು. ಮೂವರೂ ಅದನ್ನೇ ನೋಡುತ್ತಾ ಕೂತೆವು.

ಬೆಂಡು ಒಂದು ಸಲ ನಡುಗಿತು. ಪ್ಯಾಟ್ "ವೇಟ್" ಎಂದರು. ಅದೇ ಹೊತ್ತಿಗೆ ಅತ್ತೆ "ತಡಿ ತಡಿ" ಎಂದರು. ಬೆಂಡು ಸರಕ್ಕನೆ ಮುಳುಗಿತು. ಅತ್ತೆ ಕೋಲು ಎತ್ತಿದರು ನೋಡಿ! ಬಾಗಿದ ಕೋಲು, ಒದ್ದಾಡುವ ನೀರು. "ಬಂತು ಕಣವ್ವ! ಬಂತು ಬಂತು!" ಎಂದು ಕೂಗಿದ ಕೂಗಿಗೆ ಆಚೆ ದಡದ ಬಾತುಕೋಳಿಗಳು ಎದ್ದು ಹಾರಿದವು. ಅವರ ಮುಖವನ್ನು ನಾನು ಅಷ್ಟು ಖುಷಿಯಲ್ಲಿ ನೋಡಿದ್ದೇ ಇಲ್ಲ.

ಒಳ್ಳೇ ಮೀನು. ದಪ್ಪ ಹೊಟ್ಟೆ, ಮಿರಿಮಿರಿ ಪಟ್ಟೆ. ಅತ್ತೆ ಆಗಲೇ ಮನಸ್ಸಿನಲ್ಲಿ ಹುಣಸೆಹಣ್ಣು ನೆನೆಹಾಕಿದ್ದರು. ಅಷ್ಟರಲ್ಲಿ ಪ್ಯಾಟ್ ಜೇಬಿನಿಂದ ಟೇಪು ತೆಗೆದು ಮೀನಿನ ಪಕ್ಕ ಹಿಡಿದರು. ತಲೆ ಅಲ್ಲಾಡಿಸಿದರು.

"ಇದನ್ನ ವಾಪಸ್ ಬಿಡಬೇಕು."

"ಯಾಕೆ? ಚಿಕ್ಕದಾ?" ಎಂದೆ ನಾನು.

"ಇಲ್ಲ, ದೊಡ್ಡದು."

ಈ ದೇಶದ ರೂಲು ಹಾಗಂತೆ. ಗೇಣಿಗಿಂತ ಒಂದಿಷ್ಟು ಉದ್ದವಾದರೂ ಕೆರೆಗೆ ವಾಪಸ್. ಅದಕ್ಕಿಂತ ಚಿಕ್ಕವನ್ನು ನಾಲ್ಕರವರೆಗೆ ಮನೆಗೆ ಒಯ್ಯಬಹುದು. ಹೆಚ್ಚಿನವರು ಅದನ್ನೂ ಒಯ್ಯುವುದಿಲ್ಲ. ಹಿಡಿಯುತ್ತಾರೆ, ಫೋಟೋ ತೆಗೆಯುತ್ತಾರೆ, ಬಿಡುತ್ತಾರೆ. (ಇಷ್ಟು ದಿನ ಪ್ಯಾಟ್ ಬರಿಗೈಯಲ್ಲಿ ಬರುವುದನ್ನು ನೋಡಿ ನಾನು ಪಾಪ ಅಂದುಕೊಳ್ಳುತ್ತಿದ್ದೆ!)

ಅತ್ತೆಗೆ ಹೇಳಿದೆ. ಅವರು ಮೀನನ್ನು ಎದೆಗವಚಿಕೊಂಡರು. "ಇದ್ಯಾವ ಸೀಮೆ ನ್ಯಾಯ ಕಣವ್ವ? ನಮ್ಮಲ್ಲಿ ಮರಿ ಸಿಕ್ರೆ ಬುಡ್ತೀವಿ. ದೊಡ್ಡದನ್ನ ಬುಟ್ಟು ಚಿಕ್ಕದನ್ನ ತಿನ್ನು ಅಂತಾನಾ ಇವ್ನು?"

ಪ್ಯಾಟ್ ಮೀನಿನ ಉಬ್ಬಿದ ಹೊಟ್ಟೆಯನ್ನು ಬೆರಳಿನಿಂದ ತೋರಿಸಿದರು. ಇದು ತಾಯಿ ಮೀನು, ಒಳಗೆ ಮೊಟ್ಟೆ, ಇನ್ನೊಂದು ತಿಂಗಳಲ್ಲಿ ಇಡುತ್ತದೆ, ಕೆರೆ ಉಳಿಯುವುದು ಇಂಥವುಗಳಿಂದಲೇ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಮೀನಿನ ಹೊಟ್ಟೆ ಮೆಲ್ಲಗೆ ಒತ್ತಿ ನೋಡಿದರು. ದಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೀನನ್ನು ನೀರೊಳಗೆ ಹಿಡಿದು, ಅದು ಕಿವಿರು ಆಡಿಸಿ ಚೇತರಿಸಿಕೊಳ್ಳುವವರೆಗೆ ಕಾದು, ಕೈ ಸಡಿಲಿಸಿದರು. ಅದು ಹೋಯಿತು.

ಆಮೇಲೆ ಗೇಣಿನೊಳಗಿನವು ಮೂರು ಸಿಕ್ಕವು. ಪ್ಯಾಟ್ ಇನ್ನೊಂದು ಜಾಗ ನೋಡುತ್ತೇನೆಂದು ದಡದುದ್ದ ನಡೆದರು. ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟೆ. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರು ನೋಡುತ್ತಾ ನಕ್ಕರು.

"ಅಲ್ಲ ಕಣವ್ವ, ಚಿಕ್ಕವ್ರನ್ನ ಇಟ್ಕಂಡು ದೊಡ್ಡವ್ರನ್ನ ವಾಪಸ್ ಕಳ್ಸೋದು. ಮೀನಿಗೂ ಅದೇ ರೂಲು, ಮನ್ಸರಿಗೂ ಅದೇ ರೂಲು ಅನ್ನು ಈ ದೇಸ್ದಲ್ಲಿ!"

ನಾನೂ ನಗಲು ಹೊರಟೆ. ಆಗಲಿಲ್ಲ.

"ಅತ್ತೆ, ನಿಮಗೆ ಹೋಗೋಕೆ ಇಷ್ಟ ಇಲ್ವಾ?"

"ಇಷ್ಟ ಗಿಷ್ಟ ಏನ್ ಬಂತು? ಅಲ್ಲಿ ದೊಡ್ಡವ್ನೂ ಚೆನ್ನಾಗಿ ನೋಡ್ಕತಾನೆ. ಇಲ್ಲಿ..." ಒಂದು ಗುಟುಕು ಕಾಫಿ ಕುಡಿದರು. "ಇಲ್ಲಿ ಮಗು ಸ್ಕೂಲಿಂದ ಬಂದು ಮಡ್ಲಿಗೆ ಬೀಳ್ತದೆ. ಅವ್ಳಿಂಗ್ಲೀಸು ನಂಗೆ ತಿಳ್ಯಾಕಿಲ್ಲ, ಆದ್ರೂ ಹೊತ್ತು ಹೋಗೋದೇ ಗೊತ್ತಾಗಾಕಿಲ್ಲ. ನೀನು ಬಂದು ಅಡ್ಗೆಮನೇಲಿ ನಿಂತ್ಕಂಡು ಆಪೀಸಿಂದೆಲ್ಲಾ ಒಪ್ಪುಸ್ತೀಯ. ಇನ್ನೊಂದು ತಿಂಗ್ಳು ಇರ್ಬೋದಿತ್ತು ಅನ್ನುಸ್ತು. ಅಷ್ಟೇಯ."

"ಮತ್ತೆ ದಿನಾ ಊರು ಸೇರಿಸಿ, ಊರು ಸೇರಿಸಿ ಅಂತಿದ್ರಲ್ಲ ಅತ್ತೆ!"

ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ನಿಜವಾದ ಆಶ್ಚರ್ಯವಿತ್ತು. "ಅನ್ಬೇಕಲ್ಲವ್ವ ಮತ್ತೆ? ಬಂದ ಮನೇಲಿ ನಾವು ಹೋಯ್ತೀನಿ ಅನ್ಬೇಕು, ಮನೆಯವ್ರು ಇರಿ ಅನ್ಬೇಕು. ನಾವೇ ಇರ್ತೀವಿ ಅಂದ್ರೆ ಮಾನ ಉಳ್ದಾದಾ?"

ಓದುಗರೇ, ನನಗೆ ಇದು ಗೊತ್ತಿಲ್ಲದ ವಿಷಯವಾ? ಉಣ್ಣಲು ಕೂತವರು "ಸಾಕು, ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿದಾಗ ಬಡಿಸುವುದನ್ನು ನಿಲ್ಲಿಸಿದ ಹೆಂಗಸು ನಮ್ಮ ಕಡೆ ಹುಟ್ಟಿದ್ದಾಳಾ? ಅಡ್ಡ ಹಿಡಿದ ಬೆರಳ ಸಂದಿಯಲ್ಲೇ ಒಂದು ಸೌಟು ಹಾಕುವವರಲ್ಲವಾ ನಾವು? ಅಷ್ಟೇಕೆ, ಪ್ಯಾಟ್ ಹೆಂಡತಿ ನೊರೀನ್ ಕೂಡ ಹಾಗೇ. ಟೀ ಬೇಡ ಎಂದರೆ "ಆ, ಗೋ ಆನ್" ಎನ್ನುತ್ತಾರೆ. ಮತ್ತೆ ಬೇಡ ಎಂದರೆ ಮತ್ತೆ "ಗೋ ಆನ್." ಕಡೆಗೆ ಕುಡಿದೇ ಏಳಬೇಕು. ಇಲ್ಲಿನವರಿಗೂ ಗೊತ್ತಿರುವ ಈ ಮರ್ಯಾದೆ ನಮ್ಮ ಮನೆಯಲ್ಲೇ ಎಲ್ಲಿ ಕಳೆದುಹೋಯಿತು? ಆಫೀಸಿನ ಈಮೇಲುಗಳಿಗೆ 'ನೋಟೆಡ್' ಎಂದು ಬರೆದು ಬರೆದು, ಅಮ್ಮನ ಮಾತಿಗೂ 'ನೋಟೆಡ್' ಎಂದುಬಿಟ್ಟೆವಾ?

"ಟಿಕೆಟ್ ಬದಲಾಯಿಸೋಣ ಅತ್ತೆ" ಎಂದೆ.

"ಬ್ಯಾಡ ಬುಡವ್ವ. ಜೊತೆ ಬೇರೆ ಸಿಕ್ಕವ್ರೆ."

ಪ್ಯಾಟ್ ವಾಪಸ್ ಬಂದರು. ಮಳೆ ಹನಿಯತೊಡಗಿತು. ಮಾತು ಅಲ್ಲಿಗೇ ನಿಂತಿತು.

ಮನೆಗೆ ಬಂದು ಅತ್ತೆ ಹಿತ್ತಲ ಕಲ್ಲಿನ ಮೇಲೆ ಉಪ್ಪು ಹಾಕಿ ಮೀನು ಉಜ್ಜಿದರು. "ಒಸಿ ಬೂದಿ ಇದ್ದಿದ್ರೆ" ಎಂದು ಪೇಚಾಡಿದರು. ಬಾಣಲೆಯಲ್ಲಿ ಮೆಂತ್ಯ ಸಿಡಿಯಿತು, ಬೆಳ್ಳುಳ್ಳಿ ಬಿತ್ತು, ಹುಣಸೆರಸ ಕುದಿಯಿತು. ಎಕ್ಸ್‌ಹಾಸ್ಟ್ ಫ್ಯಾನು ಸೋತು ಕೈಚೆಲ್ಲಿತು. ಅನಘಾ ಮೊದಲು ಮೂಗು ಮುಚ್ಚಿಕೊಂಡಳು, ಆಮೇಲೆ ಅಜ್ಜಿ ಮುಳ್ಳು ಬಿಡಿಸಿ ಕೊಟ್ಟ ಹಾಗೆಲ್ಲ ತಿಂದಳು. ನಾನು ಆ ಸಾರನ್ನು ಬಣ್ಣಿಸುವುದಿಲ್ಲ. ಬಣ್ಣಿಸಲು ಕೂತರೆ ಅಳು ಬರುತ್ತದೆ.

ಮೂರೇ ಮೀನು, ನಾಲ್ಕು ಜನ. ಅತ್ತೆ ತಾವು ಬರೀ ಸಾರಿನಲ್ಲಿ ಮುದ್ದೆ ಉಂಡರು. "ನೀವೂ ಹಾಕಿಸಿಕೊಳ್ಳಿ ಅತ್ತೆ" ಎಂದರೆ "ನಂಗೆ ತಲೆ ಸಾಕು, ಅದ್ರಲ್ಲೇ ರುಚಿ" ಎಂದರು. ನಾನು ಬಲವಂತವಾಗಿ ಒಂದು ತುಂಡು ಹಾಕಿದೆ. ಬೇಡ ಬೇಡ ಎನ್ನುತ್ತಲೇ ತಿಂದರು.

ಊಟವಾದ ಮೇಲೆ ರಘುವಿಗೆ ಹೇಳಿದೆ. ಅವನು ಗಾಬರಿಯಾದ. ನೇರವಾಗಿ ಹೋಗಿ ಕೇಳಿದ. "ಅಮ್ಮಾ, ಇರ್ತೀಯಾ? ಟಿಕೆಟ್ ಮುಂದಕ್ಕೆ ಹಾಕ್ಸಲಾ?"

"ಬ್ಯಾಡ ಕಣ್ ಮಗ. ಸುಮ್ನೆ ಯಾಕೆ ಆ ತಾಪತ್ರಯ."

ಅವನು ಹೊರಗೆ ಬಂದು "ಅಮ್ಮಾನೇ ಬೇಡ ಅಂದ್ರಲ್ಲ" ಎಂದ. ಅವನ ಮುಖದಲ್ಲಿ ಎಷ್ಟು ಸಮಾಧಾನ! ನಾನು ಇನ್ನೊಂದು ಸಲ ಕೇಳಬೇಕೆಂದಿದ್ದೆ. ಖಂಡಿತ ಕೇಳಬೇಕೆಂದಿದ್ದೆ. ಸೋಮವಾರ ಲ್ಯಾಬಿನಲ್ಲಿ ಆಡಿಟ್ ಇತ್ತು. ಮಂಗಳವಾರ ಅನಘಾಗೆ ಜ್ವರ. ಆಮೇಲೆ ಸೂಟ್‌ಕೇಸ್ ತೂಕ, ಊರಿನವರಿಗೆಲ್ಲ ಚಾಕೊಲೇಟು. ಮಾತು ಬಾಯಿಗೆ ಬಂದಾಗಲೆಲ್ಲ ಯಾರೋ ಬಾಗಿಲು ತಟ್ಟಿದರು, ಫೋನ್ ಹೊಡೆದುಕೊಂಡಿತು, ಕುಕ್ಕರ್ ಕೂಗಿತು.

ಡಬ್ಲಿನ್ ಏರ್‌ಪೋರ್ಟಿನಲ್ಲಿ ಆ ಮೈಸೂರಿನ ಸಂಸಾರ ಕಾಯುತ್ತಿತ್ತು. ಒಳ್ಳೆಯ ಜನ. "ನೀವು ಏನೂ ಯೋಚ್ನೆ ಮಾಡ್ಬೇಡಿ, ಆಂಟೀನ ನಾವು ನೋಡ್ಕೋತೀವಿ" ಎಂದರು. ಅತ್ತೆ ಅನಘಾಳ ಕೆನ್ನೆಗೆ ಮುತ್ತಿಟ್ಟರು. ನನ್ನ ತಲೆ ಸವರಿ "ಬತ್ತೀನಿ ಕಣವ್ವ. ಹೊತ್ತೊತ್ತಿಗೆ ಉಣ್ಣು" ಎಂದರು. ಸೆಕ್ಯೂರಿಟಿಯ ಸಾಲಿನಲ್ಲಿ ಎರಡು ಸಲ ತಿರುಗಿ ನೋಡಿದರು. ನಾವು ಕೈ ಬೀಸಿದೆವು. ಏರ್‌ಪೋರ್ಟಿನಲ್ಲಿ ಎಲ್ಲರೂ ಮಾಡುವುದು ಅದನ್ನೇ ತಾನೇ? ಕೈ ಬೀಸುವುದು.

ಮನೆ ಈಗ ಮೊದಲಿನ ಹಾಗಾಗಿದೆ. ಸಂಜೆ ಬಂದು ನಾನೇ ದೀಪ ಹಾಕುತ್ತೇನೆ. ಆಫೀಸಿನ ಕಥೆಯನ್ನು ಅಡುಗೆಮನೆಯಲ್ಲಿ ಯಾರಿಗೂ ಒಪ್ಪಿಸುವುದಿಲ್ಲ. ಅನಘಾ ಸ್ಕೂಲಿನಿಂದ ಬಂದವಳೇ ಸೋಫಾದ ಆ ಮೂಲೆಯನ್ನು ಒಮ್ಮೆ ನೋಡಿ ಟೀವಿ ಹಾಕಿಕೊಳ್ಳುತ್ತಾಳೆ. ಮಂಡ್ಯಕ್ಕೆ ಫೋನ್ ಮಾಡಿದರೆ ಅತ್ತೆ ಚೆನ್ನಾಗಿದ್ದೇನೆ ಎನ್ನುತ್ತಾರೆ. ನಾನೂ ಚೆನ್ನಾಗಿದ್ದೇನೆ ಎನ್ನುತ್ತೇನೆ. ಅತ್ತೆ ಬೇಕು ಅನ್ನಿಸುತ್ತದೆ, ಸುಮ್ಮನೆ, ಹೊಟ್ಟೆಯೊಳಗಿಂದ. ನಲವತ್ತು ದಾಟಿದ ಹೆಂಗಸು ಹೀಗೆ ಬರೆಯಬಾರದೇನೋ. ಬರೆದಾಯಿತು.

ಮುಂದಿನ ವರ್ಷ ಮತ್ತೆ ಕರೆಸಿಕೊಳ್ಳಿ ಎನ್ನುತ್ತೀರಿ. ಕರೆಸುತ್ತೇವೆ. ಆದರೆ ಅವರ ಮಂಡಿ ಒಪ್ಪಬೇಕು, ಬಿಪಿ ಒಪ್ಪಬೇಕು, ವೀಸಾದವರು ಒಪ್ಪಬೇಕು. ಕೈಯಲ್ಲಿದ್ದ ಒಂದು ತಿಂಗಳಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಇವತ್ತು ಬೆಳಗ್ಗೆ ತಿಂಡಿಗೆ ಕೂತಿದ್ದಾಗ ರಘುವಿನ ಫೋನ್ ಟಿಣ್ ಎಂದಿತು. ಎಂದೋ ಹಾಕಿಟ್ಟ ರಿಮೈಂಡರ್. ಅವನು ನೋಡಿ ನನ್ನ ಕಡೆ ತಿರುಗಿಸಿದ. 'ಅಮ್ಮನ ವೀಸಾ ಕೊನೆ ದಿನ' ಎಂದಿತ್ತು.

ಈ ದೇಶದ ರೂಲು ನಮ್ಮತ್ತೆಗೆ ಇವತ್ತಿನವರೆಗೂ ಇರಿ ಎಂದಿತ್ತು. ಹಾಗಾದರೆ ಅವರನ್ನು ವಾಪಸ್ ಕಳಿಸಿದವರು ಯಾರು?